ಹಿಡೀತೇನ, ಅತ್ತಿ?

ಬೆಳಿಗ್ಗೆ ಹತ್ತೂಕಾಲು. ನಿಗಡಿಯ ತನ್ನ ಕ್ಲಿನಿಕ್ಕಿನಲ್ಲಿ ಅಕ್ಯುಪಂಕ್ಚರ್ ಮಾಡುವ ಶಿವರಾಜ, ಸೋದರತ್ತೆ ಶಿವಗಂಗವ್ವನ ಬಲಪಾದಕ್ಕೆ ಸೂಜಿ ಚುಚ್ಚುವ ಮೊದಲೇ ಆಕೆ, “ಹ್ಞೂಂ, ಹಿಡೀತು” ಅಂದಳು.

ಸೂಜಿಯ ಪೊಟ್ಟಣವನ್ನೂ ಅವನಿನ್ನೂ ಹರಿದಿರಲಿಲ್ಲ. ಆಕೆ ಕಣ್ಣು ಮುಚ್ಚಿ ಅಂಗಾತ ಮಲಗಿದ್ದಳು. ಶಿವರಾಜ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ಬೇಕೆಂದೇ ಕೇಳಿದ.

“ಹಿಡೀತೇನ, ಅತ್ತಿ?”

“ಭಾಳ ಛಲೋ ಹಿಡೀತೋ. ಮೊಣಕಾಲತನಕ ಜುಮ್ ಅಂತು ನೋಡು.”

ಪರದೆಯಾಚೆಯ ಮಂಚದಲ್ಲಿ ಸೊಂಟಕ್ಕೆ ಸೂಜಿ ಚುಚ್ಚಿಸಿಕೊಂಡು ಮಲಗಿದ್ದ ಅಪ್ಪಾಸಾಹೇಬ, “ವಾ ಆಜಿ!” ಎಂದು ಮೆಚ್ಚಿದರು.

‘ಹಿಡೀತೇನ’ ಎಂಬುದು ಉಪಚಾರಕ್ಕೆ ಕೇಳುವ ಮಾತಲ್ಲ. ಸೂಜಿ ಸರಿಯಾದ ಬಿಂದುವಿಗೆ ಇಳಿದರೆ ರೋಗಿಗೆ ಅಲ್ಲೊಂದು ಬಗೆಯ ಭಾರ, ಜುಮುಜುಮು ಆಗಬೇಕು. ಚೀನೀ ವೈದ್ಯರು ಅದನ್ನು ‘ಚೀ’ ಬಂತು ಎನ್ನುತ್ತಾರೆ, ಅಂದರೆ ಜೀವಶಕ್ತಿ ಸೂಜಿಯ ತುದಿಗೆ ಬಂದು ಮುಟ್ಟಿತು ಅಂತ. ಇಂದಿನ ವಿವರಣೆ ಬೇರೆ: ಸೂಜಿ ನರವನ್ನು ಕೆಣಕುತ್ತದೆ, ನರ ಮಿದುಳಿಗೆ ಸುದ್ದಿ ಮುಟ್ಟಿಸುತ್ತದೆ, ಮಿದುಳು ನೋವು ತಗ್ಗಿಸುವ ರಸ ಬಿಡುತ್ತದೆ. ಎರಡರಲ್ಲಿ ಯಾವುದನ್ನು ಒಪ್ಪಿದರೂ ರೋಗಿ ‘ಹಿಡೀತು’ ಅನ್ನದೆ ಮುಂದಿನ ಸೂಜಿ ಇಲ್ಲ. ಹಿಡಿದದ್ದು ಚುಚ್ಚುವವನ ಬೆರಳಿಗೂ ತಿಳಿಯುತ್ತದೆ. ಗಾಳಕ್ಕೆ ಮೀನು ಸಿಕ್ಕ ಹಾಗೆ ಒಂದು ಸಣ್ಣ ಜಗ್ಗು. ಅತ್ತೆಯ ಪಾದದಲ್ಲಿ ಆ ಜಗ್ಗು ಶಿವರಾಜನಿಗೆ ಒಮ್ಮೆಯೂ ಸಿಕ್ಕಿರಲಿಲ್ಲ. ಅವನು ಆಕೆಯ ಮಾತನ್ನು ನಂಬಿದ್ದ, ತನ್ನ ಬೆರಳನ್ನು ನಂಬಿರಲಿಲ್ಲ.

ರಾಂಜಣಗಾಂವದ ಕಾರ್ಖಾನೆಯ ಆಫೀಸಿನಲ್ಲಿದ್ದಾಗ ಒಂದು ದಿನ ಅವನ ಕುತ್ತಿಗೆ ತಿರುಗದಂತಾಗಿತ್ತು. ಕಾತ್ರಜದ ಲೀಲಾಕ್ಷಿಬಾಯಿ ಸೂಜಿ ಚುಚ್ಚಿ ಅದನ್ನು ಸಡಿಲ ಮಾಡಿದರು. ಗುಣವಾದವನು ನೌಕರಿ ಬಿಟ್ಟು ಅವರ ಹತ್ತಿರವೇ ಕಲಿಯಲು ಕೂತ, ಪರೀಕ್ಷೆ ಪಾಸು ಮಾಡಿ ಬೋರ್ಡು ಹಾಕಿದ. ಅರಿವೆ ವ್ಯಾಪಾರದ ಅಪ್ಪ ಕಾಡಪ್ಪ ಬಂದವರೆದುರು, “ಚುಚ್ಚೂದs ಆಗಿದ್ರ ನಮ್ಮ ಅಂಗಡ್ಯಾಗ ದಬ್ಬಣ ಇತ್ತಲ್ಲೋ! ಚೀನಾದ್ದು ಯಾಕ ಬೇಕಾಗಿತ್ತು?” ಎಂದು ನಕ್ಕ. ನಗದವಳು ಅತ್ತೆ ಒಬ್ಬಳೇ. ಸಕ್ಕರೆ ಕಾಯಿಲೆಯಿಂದ ಜೋಮು ಹಿಡಿದ ಕಾಲನ್ನು ಚಾಚಿ, “ಮೊದ್ಲು ನನಗ ಚುಚ್ಚಪಾ” ಎಂದಿದ್ದಳು. ಸಕ್ಕರೆಯ ಗುಳಿಗೆ ಮಾತ್ರ ಬಿಡಬೇಡ ಎಂದು ಹೇಳಿ ಅವನು ಶುರುಮಾಡಿದ್ದ. ಪ್ರತಿ ಸಲವೂ ಆ ಪಾದಕ್ಕೆ ನಮಸ್ಕಾರ ಮಾಡಿಯೇ ಸೂಜಿ ಕೈಗೆತ್ತಿಕೊಳ್ಳುತ್ತಿದ್ದ. ಕೈ ತಾಗುತ್ತಿದ್ದುದು ಪಾದದ ಮೇಲ್ಭಾಗಕ್ಕೆ. ಬಿಂದುಗಳೂ ಆ ಕಡೆಯೇ ಇದ್ದವು.

ಈಗ ಅವನು ಆಕೆಯ ಕಾಲೆತ್ತಿ ಅಂಗಾಲು ನೋಡಿದ. ಹೆಬ್ಬೆರಳಿನ ಬುಡದಲ್ಲಿ ಕಪ್ಪಗಾದ ತೂತು, ಅಂಚಿನಲ್ಲಿ ಕೀವು. ಸ್ಪಿರಿಟ್ಟಿನ ವಾಸನೆಯ ಅಡಿಯಲ್ಲಿ ಇನ್ನೊಂದು ವಾಸನೆ ಇತ್ತು. ಗಾಯದ ಪಕ್ಕ ಬೆರಳಿಟ್ಟು ಒತ್ತಿದ. ಆಕೆ ಕಣ್ಣು ತೆರೆಯಲಿಲ್ಲ.

ಶಿವರಾಜ ಬಾಗಿಲಿಗೆ ಹೋಗಿ ಆಕೆಯ ಬಲಗಾಲಿನ ಚಪ್ಪಲಿ ಎತ್ತಿ ಒಳಗೆ ಬೆರಳಾಡಿಸಿದ. ಮೇಲೆದ್ದಿದ್ದ ಮೊಳೆ ಬೆರಳಿಗೆ ಚುಚ್ಚಿ ರಕ್ತ ಬಂತು.

“ಅತ್ತಿ, ಇಷ್ಟು ದಿನದಾಗ ಒಮ್ಮೆರೆ ಹಿಡಿದಿತ್ತೇನು?”

“ಸಾವಕಾಶ ಮಾತಾಡೋ. ಆಚೀಕಡೆ ಮಂದಿ ಕೇಳ್ತಾರ.”

“ಖರೇ ಹೇಳು.”

ಶಿವಗಂಗವ್ವ ಸೆರಗು ಸರಿಮಾಡಿಕೊಂಡು ಎದ್ದು ಕೂತಳು. “ಮೊದಲ್ನೇ ದಿನ ನೀ ಹಿಡೀತೇನ ಅಂತ ಕೇಳಿದಾಗ ನಿನ್ನ ಮಾರಿ ನೋಡಿದೆ. ಇಲ್ಲ ಅನ್ನಲಿಕ್ಕೆ ಬಾಯಿ ಬರಲಿಲ್ಲ. ಮನ್ಯಾಗ ಎಲ್ಲಾರೂ ಇಲ್ಲ ಅಂದವರs. ನಾನೂ ಇಲ್ಲ ಅಂದಿದ್ರ ನಿಮ್ಮಪ್ಪ ನಿನ್ನ ಕೈಯಾಗ ಅರಿವಿ ಅಳಿಯೂ ಗಜಾ ಕೊಡ್ತಿದ್ದ.”

ತಾಯಿಯನ್ನು ಕರೆದೊಯ್ಯಲು ಬಂದ ಮಗಳು ಸಪ್ನಾ ಹೆಲ್ಮೆಟ್ಟು ಹಿಡಿದುಕೊಂಡೇ ಒಳಗೆ ಬಂದಳು. ಅಂಗಾಲು ನೋಡಿದಳು. ತಾಯಿಯ ಕಡೆ ತಿರುಗಲಿಲ್ಲ, ಶಿವರಾಜನ ಕಡೆ ತಿರುಗಿದಳು.

“ಶ್ರಾವಣಕ್ಕ ಮೊದಲs ದೊಡ್ಡ ದವಾಖಾನಿಗೆ ಒಯ್ತೀನಿ ಅಂದಿದ್ದೆ. ಏನಂದಿ ನೀ? ಕಾಲಿಗೆ ಜೀವ ಬರಲಿಕ್ಕತ್ತದ, ತಡಿ ಅಂದ್ಯೋ ಇಲ್ಲೋ?”

“ಅಂದೆ.”

“ಅವಗ ಬೈಬ್ಯಾಡ,” ಎಂದಳು ಶಿವಗಂಗವ್ವ. “ಹಿಡೀತು ಅಂದಾಕಿ ನಾನು.”

“ನೀ ಅಂದಿ, ಅವ್ವಾ. ಸೂಜಿ ಯಾರ ಕೈಯಾಗಿತ್ತು?”

ಪರದೆಯಾಚೆ ಅಪ್ಪಾಸಾಹೇಬ ಕೆಮ್ಮಿದರು. ನನ್ನ ಸೂಜಿಗಳನ್ನು ತೆಗೆಯಿರಿ, ಹೊರಡುತ್ತೇನೆ ಎಂದರು.

ಅಂದೇ ಶಿವಗಂಗವ್ವನನ್ನು ಆಸ್ಪತ್ರೆಗೆ ಸೇರಿಸಿದರು. ಶುಕ್ರವಾರ ಮಧ್ಯಾಹ್ನ ಬಲಪಾದದ ಮುಂಭಾಗವನ್ನು ಬೆರಳುಗಳ ಸಮೇತ ತೆಗೆದರು. ಭಾನುವಾರ ಶಿವರಾಜನಿಗೆ ಗೊತ್ತಿಲ್ಲದ ನಂಬರಿನಿಂದ ಒಂದು ಫೋನು ಬಂತು. ಮಾತಾಡಿದವಳು ಆ ವಾರ್ಡಿನಲ್ಲಿ ಅತ್ತೆಯ ಪಕ್ಕದ ಮಂಚದ ರೋಗಿಯ ಸೊಸೆ. ಮೊಣಕಾಲು ನೋವಿಗೆ ಸೂಜಿ ಹಾಕಿಸಿಕೊಳ್ಳಲು ಸೋಮವಾರ ಬರಲೇ ಎಂದು ಮರಾಠಿಯಲ್ಲಿ ಕೇಳಿದಳು. ನಂಬರು ಕೊಟ್ಟವಳು ಶಿವಗಂಗವ್ವ.