ಎಚ್ಚರಿಕೆಯ ಗಂಟೆ

ಶಿವಲೀಲಾ ತನ್ನ ಅಪ್ಪ ಕೊಟ್ಟ ಹಳೇ ಕಾರಿನ ಡ್ಯಾಶ್‌ಬೋರ್ಡ್ ಕೆಳಗೆ ತಲೆ ತೂರಿಸಿ ಹುಡುಕುತ್ತಿದ್ದಳು. ಬಾಗಿಲು ಸರಿಯಾಗಿ ಹಾಕದಿದ್ದರೆ ಟಿಣ್ ಟಿಣ್ ಎಂದು ಎಚ್ಚರಿಸುತ್ತಿದ್ದ ಪುಟ್ಟ ಪೆಟ್ಟಿಗೆ ಅಲ್ಲೆಲ್ಲೋ ಇತ್ತು. ಅದು ಸುಮ್ಮನಾಗಿ ವರ್ಷಗಳೇ ಆಗಿದ್ದವು.

“ಮೆಕ್ಯಾನಿಕ್‌ಗಳಿಗೇ ಸಿಗದ್ದು ನಿನಗೆ ಸಿಗತ್ತಾ?” ಎಂದ ಗಂಡ ಪಾಲಾಕ್ಷ, ಕಾಫಿ ಹೀರುತ್ತಾ. “ಸಿಕ್ಕರೂ ಏನಕ್ಕೆ? ಮನೇಲಿ ಕಿಣಿಕಿಣಿ ಅನ್ನೋಕೆ ನೀನಿದೀಯಲ್ಲ.”

ಅವಳು ಪೆಟ್ಟಿಗೆಯನ್ನು ಹೊರತೆಗೆದು ಬಿಚ್ಚಿದಳು. ಒಳಗೆ ಒಂದು ತಂತಿಯ ಬೆಸುಗೆ ಬಿಟ್ಟಿತ್ತು. ಮತ್ತೆ ಬೆಸೆದು ಕೂರಿಸಿದಾಗ ಗಂಟೆ ಟಿಣ್ ಟಿಣ್ ಎಂದಿತು.

“ಮುಗೀತು. ಇನ್ನು ಮೇಲೆ ಎರಡು ಬಾಯಿ ಕೇಳಬೇಕು,” ಎಂದು ಅವನು ಒಳಗೆ ಹೋದ.

ಭಾನುವಾರ ಇಬ್ಬರೂ ಅವನ ತಂಗಿಯ ಮನೆಗೆ ಹೊರಟರು. ಪಾಲಾಕ್ಷನಿಗೆ ಕಾರು ಓಡಿಸಲು ಬರುತ್ತಿರಲಿಲ್ಲ. ಹೇಗೆ ಓಡಿಸಬೇಕೆಂದು ಹೇಳಲು ಮಾತ್ರ ಚೆನ್ನಾಗಿ ಬರುತ್ತಿತ್ತು. ಅವಳು ಗೇರು ಹಾಕಿದ್ದು ತಪ್ಪು, ಹಾರ್ನ್ ಮಾಡಿದ್ದು ತಪ್ಪು, ಮಾಡದಿದ್ದದ್ದೂ ತಪ್ಪು. ಊರು ದಾಟಿದ ಮೇಲೆ ಅವಳ ಅಪ್ಪನ ಸರದಿ ಬಂತು.

“ಮಗಳಿಗೆ ಬುದ್ಧಿ ಕೊಡೋಕಾಗಲಿಲ್ಲ, ಈ ಡಬ್ಬ ಕೊಟ್ಟ. ಅಳಿಯನ ತಲೆಗೆ ಎರಡನ್ನೂ ಕಟ್ಟಿದ.”

ಅಷ್ಟರಲ್ಲಿ ರಸ್ತೆಯ ಉಬ್ಬು ಹಾರಿದ ಕಾರು ಟಿಣ್ ಟಿಣ್ ಎನ್ನತೊಡಗಿತು. ಶಿವಲೀಲಾ ಬಯಲಿನ ಪಕ್ಕ ಕಾರು ನಿಲ್ಲಿಸಿದಳು.

“ಹಿಂದಿನ ಬಾಗಿಲು ಸರಿಯಾಗಿ ಬಿದ್ದಿಲ್ಲ ರೀ. ಸ್ವಲ್ಪ ಇಳಿದು ಹಾಕ್ತೀರಾ?”

“ಒಂದು ಬಾಗಿಲು ಹಾಕೋಕೂ ನಾನೇ ಬೇಕು.”

ಅವನು ಇಳಿದು, ತನ್ನ ಬಾಗಿಲನ್ನೂ ಹಿಂದಿನದನ್ನೂ ಹೊರಗೆ ನಿಂತು ರಪ್ಪನೆ ಬಡಿದ.

ಗಂಟೆ ನಿಂತಿತು, ಕಾರು ಹೊರಟಿತು.