ಗೇಟಿನ ಈಚೆಗೆ

"ಈ ಫೋಟೋ ಎಲ್ಲಿ ನಿಂತು ತೆಗೆದ್ರಿ?" ವಿಮಾ ಕಂಪನಿಯ ವಕೀಲರು ಕೇಳಿದರು.

"ರಸ್ತೇಲಿ, ಸರ್. ಗೇಟು ದಾಟಿಲ್ಲ," ಎಂದ ಕಟಕಟೆಯಲ್ಲಿದ್ದ ಖಾಸಗಿ ಪತ್ತೇದಾರ.

ಬೆನ್ನು ಹೋಗಿದೆ, ಭಾರ ಎತ್ತಲಾರೆ ಎಂದು ಪರಿಹಾರ ಕೇಳಿದ್ದ ಗಾರೆ ಕೆಲಸದವನು ಫೋಟೋದಲ್ಲಿ, ಸೈಕಲ್ಲಿನಿಂದ ಬಿದ್ದ ಮಗಳನ್ನು ಅನಾಮತ್ತಾಗಿ ಎತ್ತಿಕೊಂಡಿದ್ದ. ಈಗ ಬೆಂಚು ಹಿಡಿದು ಕಷ್ಟಪಟ್ಟು ಎದ್ದ. "ಮಗು ಅಳ್ತಿತ್ತು, ಎತ್ಕೊಂಡೆ. ಒಳಗೆ ಹೋಗ್ತಿದ್ದ ಹಾಗೇ ಕುಸಿದುಬಿದ್ದೆ. ಅದರ ಫೋಟೋ ಇಲ್ವಾ ಅಣ್ಣ?"

ತೆರೆದ ಬಾಗಿಲಲ್ಲಿ ಅವನು ತೆವಳಿದ್ದನ್ನೂ ಮಗಳು ದಿಂಬು ತಂದು ಕೊಟ್ಟಿದ್ದನ್ನೂ ಪತ್ತೇದಾರ ಕಣ್ಣಾರೆ ಕಂಡಿದ್ದ. ಮನೆಯೊಳಗಿನದನ್ನು ತೆಗೆಯಲು ಕಾನೂನು ಬಿಡುವುದಿಲ್ಲವೆಂದು ಕ್ಯಾಮೆರಾಕ್ಕೆ ಮುಚ್ಚಳ ಹಾಕಿದ್ದ.

"ಇಲ್ಲ," ಎಂದ.

ಕಂಡಿರಾ ಎಂದು ಯಾರೂ ಕೇಳಲಿಲ್ಲ. ಯಾರಾದರೂ ಕೇಳಲಿ ಎಂದು ಅವನು ಕಟಕಟೆಯ ಎರಡೇ ಮೆಟ್ಟಿಲನ್ನು ಬಹಳ ನಿಧಾನವಾಗಿ ಇಳಿದ.