ಅಲುಗದ ಒಂದು ಸೆಕೆಂಡ್

"ಇದು ನನ್ನ ಅಂಗಡಿನಾ? ಚೂರೂ ಮರದ ಪುಡಿ ಇಲ್ವಲ್ಲೇ! ನೋಡಿದೋರು ನಾನು ಕೆಲಸಗಳ್ಳ ಅನ್ಕೋತಾರೆ." ಬಡಗಿ ಕನ್ನಡಕ ಹಣೆಗೇರಿಸಿ, ಮಗಳ ಲ್ಯಾಪ್‌ಟಾಪಿಗೆ ಮೂಗು ತಾಗುವಷ್ಟು ಬಗ್ಗಿದ.

ಮಗಳ ಮುಖ ಸಪ್ಪಗಾಯಿತು. ಕ್ಯಾಮೆರಾ ಕೈಗೆ ಬಂದು ಇನ್ನೂ ತಿಂಗಳಾಗಿತ್ತು ಅಷ್ಟೆ. ಕೆಲಸ ಬೇಕಿದ್ದರೆ ಒಂದು ಒಳ್ಳೆಯ ಫೋಟೋ ತೋರಿಸು ಎಂದಿದ್ದರು ಸ್ಟುಡಿಯೋದವರು. ಮಬ್ಬು ಅಂಗಡಿಯಲ್ಲಿ ತೆಗೆದ ಚಿತ್ರದ ತುಂಬ ಮರಳು ಎರಚಿದಂಥ ಚುಕ್ಕೆಗಳು. ಕಂಪ್ಯೂಟರಿನಲ್ಲಿ ಅವನ್ನು ಒರೆಸಲು ಹೋಗಿ ಅಪ್ಪನ ತೋಳಿನ ಮೇಲಿದ್ದ ಪುಡಿಯನ್ನೂ ಒರೆಸಿಬಿಟ್ಟಿದ್ದಳು. "ಬೆಳಕು ಸಾಲ್ದಪ್ಪಾ. ಶಟರ್ ಒಂದು ಸೆಕೆಂಡ್ ತೆರೆದಿಟ್ರೆ ಚುಕ್ಕೆ ಬರಲ್ಲ. ಆದ್ರೆ ನನ್ನ ಕೈ ನಡುಗುತ್ತೆ, ನೀನಂತೂ ಒಂದ್ಕಡೆ ನಿಲ್ಲೋನಲ್ಲ."

ಫೋಟೋ ಹುಚ್ಚು ಅನ್ನ ಹಾಕಲ್ಲ ಎಂದು ತಿಂಗಳಿಡೀ ಗೊಣಗಿದ್ದ ಅಪ್ಪ ಈಗ ಅವಳತ್ತ ಕೈ ಚಾಚಿದ. ಕ್ಯಾಮೆರಾ ಇಸಿದುಕೊಂಡು ಕೆಲಸದ ಮೇಜಿನ ಮೇಲಿಟ್ಟ. ಅದು ತುಸು ವಾಲಿತು. ತೆಳ್ಳನೆಯ ಬೆಣೆಯೊಂದನ್ನು ಹುಡುಕಿ ಅಡಿಗೆ ತೂರಿಸಿ, ಬೆರಳಿಂದ ತಟ್ಟಿ ನೋಡಿದ. ಅಲುಗಲಿಲ್ಲ. ಆಮೇಲೆ ನೆಲದಿಂದ ಒಂದು ಹಿಡಿ ಪುಡಿ ಬಾಚಿ ತೋಳಿನ ಮೇಲೆ ಉದುರಿಸಿಕೊಂಡು, ಉಜ್ಜುಗೊರಡು ಹಿಡಿದು ನಿಂತ. "ಹೂಂ, ತೆಗಿ."

ಮಗಳು ಟೈಮರ್ ಹಾಕಿ ಹಿಂದೆ ಸರಿದಳು. ಕ್ಯಾಮೆರಾ ಸದ್ದು ಮಾಡಿತು. ಅಪ್ಪ ಉಸಿರೂ ಬಿಡದೆ ನಿಂತೇ ಇದ್ದ.

"ಆಯ್ತಪ್ಪಾ, ಬಂತು!"

"ಇನ್ನೊಂದು ತೆಗಿ," ಎಂದ ತುಟಿ ಅಲುಗಿಸದೆ. "ಸ್ಟುಡಿಯೋದವರಿಗೆ ಆರಿಸ್ಕೊಳ್ಳೋಕೆ ಬೇಡ್ವಾ?"